ಗುಟ್ಟಿನ ಕೌದಿಗೆ ಗಂಟು ಕಟ್ಟೋಣ ಬನ್ನಿ

ಕೌದಿ ಎಂದೊಡನೆ ಮೂಗು ಮುರಿಯುವವರು ಈಗ ಬಹಳ. ಅಂಗಡಿಯಲ್ಲಿ ಹೂವಿನ ಚಿತ್ತಾರದ, ಮೆತ್ತಗಿನ, ಹಗುರಾದ ರಗ್ಗುಗಳು ಸಿಗುವಾಗ ಹಳೆ ಸೀರೆ ಹರಿದು, ಸೊಂಟ ಬಗ್ಗಿಸಿ, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಹೊಲಿಯುವ ಉಸಾಬರಿ ಯಾರಿಗೆ ಬೇಕು ಎನ್ನುತ್ತಾರೆ. ಆದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಒಂದು ಮಾತು ಕೇಳಿ ನೋಡಿ. ಮಾಘದ ಚಳಿಯಲ್ಲಿ ಯಾವುದು ಹೊದ್ದರೆ ನಿದ್ದೆ ಬರುತ್ತದೆ? ಬಿಸಿಲುಗಾಲದಲ್ಲಿ ಮಾಳಿಗೆಯ ಮೇಲೆ ಯಾವುದು ಹಾಸಿದರೆ ಬೆನ್ನಿಗೆ ತಂಪು? ಬಾಣಂತಿ ಕೋಣೆಗೆ ಮೊದಲು ಯಾವುದು ಹೋಗುತ್ತದೆ? ಎಲ್ಲದಕ್ಕೂ ಉತ್ತರ ಒಂದೇ, ಕೌದಿ. ನಿಪ್ಪಾಣಿ ಕಡೆ ಮರಾಠಿ ಮಾತಾಡುವ ಮನೆಗಳಲ್ಲಿ ಇದನ್ನೇ ಗೋಧಡಿ ಎನ್ನುತ್ತಾರೆ, ವಾಕಳ ಎನ್ನುತ್ತಾರೆ. ಹೆಸರು ಬೇರೆ, ಅರಿವೆ ಅದೇ, ಅಕ್ಕರೆ ಅದೇ.

ಈ ಸಲ ನಾನು ಹೇಳಹೊರಟಿರುವುದು ಸುಮ್ಮನೆ ಕೌದಿಯಲ್ಲ, ಗುಟ್ಟಿನ ಕೌದಿ. ಹೊಲಿಯುವವಳಿಗೇ ತನ್ನ ಕೌದಿ ಕೊನೆಗೆ ಹೇಗೆ ಕಾಣುತ್ತದೆ ಎಂಬುದು ಗೊತ್ತಿರುವುದಿಲ್ಲ! ಅಮೆರಿಕ, ಇಂಗ್ಲೆಂಡಿನ ಹೆಂಗಸರಲ್ಲಿ ಇಂಥದೊಂದು ಆಟ ಇದೆ. ಅಲ್ಲಿಯ ಹೊಲಿಗೆ ಪತ್ರಿಕೆಗಳಲ್ಲಿ ಮೊದಲು ಎಷ್ಟು ಬಟ್ಟೆ ಬೇಕು, ಯಾವ ಬಣ್ಣ ಬೇಕು ಎಂಬುದನ್ನಷ್ಟೇ ಹೇಳುತ್ತಾರೆ. ಆಮೇಲೆ ಒಂದೊಂದು ಸಂಚಿಕೆಗೆ ಒಂದೊಂದು ಹಂತ. ಚಿತ್ರ ಮಾತ್ರ ಕೊನೆಗೇ. ನಮ್ಮ ಕೌದಿಗೂ ಈ ಆಟ ಚೆನ್ನಾಗಿ ಒಪ್ಪುತ್ತದೆ. ಯಾಕೆಂದರೆ ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತ ಸುತ್ತುತ್ತ ನಡುವಿಗೆ ಬರುತ್ತೇವೆ. ನಡು ತುಂಬುವ ತನಕ ಅದರ ಮುಖ ಯಾರಿಗೂ ಕಾಣುವುದಿಲ್ಲ.

ಮೊದಲ ಸಲ ಹೊಲಿಯುವವರಿಗೆ ಇದು ಇನ್ನೂ ಸುಲಭ. ಇಡೀ ಕೌದಿ ಒಮ್ಮೆಲೇ ಕಣ್ಣಮುಂದೆ ಬಂದರೆ ಎದೆ ಒಡೆಯುತ್ತದೆ. ಇಂದು ನಾಲ್ಕು ತುಂಡು ಮಾತ್ರ ಎಂದರೆ ಯಾರಿಗಾದರೂ ಆದೀತು.

ಹರಕು ಅರಿವೆಗೂ ಒಂದು ಮಾನ

ಹಳೆ ಬಟ್ಟೆ ಕೂಡಿಸಿ ಹೊಲಿಯುವುದು ಬಡತನದ ಗುರುತು ಎಂದು ನಾಚುವವರಿಗೆ ಎರಡು ಮಾತು. ಬಂಗಾಳದಲ್ಲಿ ಹಳೆಯ ಸೀರೆ ಧೋತರ ಪದರು ಪದರಾಗಿ ಹಾಕಿ ಹೊಲಿದದ್ದು ಕಾಂಥಾ. ಬಿಹಾರದಲ್ಲಿ ಸುಜನಿ. ಸಿಂಧ, ರಾಜಸ್ಥಾನದ ಕಡೆ ರಲ್ಲಿ. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳ ಕವಂದಿಯಂತೂ ಪರದೇಶದವರೆಗೆ ಹೆಸರಾಗಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಎಂಬ ವಿದ್ವಾಂಸರು ಇಲ್ಲಿಗೆ ಬಂದು ಇದರ ಮೇಲೆ ಅಭ್ಯಾಸ ಮಾಡಿದ್ದಾರೆ. ಸಿದ್ದಿಯರು ಕವಂದಿಯ ಮೂಲೆಗಳಿಗೆ ಮೂಲೆಮೂಲೆಯಾಗಿ ಮಡಚಿದ ತುಂಡುಗಳನ್ನು ಹಚ್ಚುತ್ತಾರೆ. ಅದಕ್ಕೆ ಫುಲ, ಅಂದರೆ ಹೂವು ಎನ್ನುತ್ತಾರೆ. ಫುಲ ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ ಕವಂದಿ!

ಅಮೆರಿಕದಲ್ಲಿ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿಯ ಕರಿಯ ಹೆಣ್ಣುಮಕ್ಕಳು ಹೊಲದಲ್ಲಿ ದುಡಿದು ಸವೆದ ಬಟ್ಟೆಗಳಿಂದ ಹೊಲಿದ ಕೌದಿಗಳನ್ನು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆಗೆ ತೂಗುಹಾಕಿ ಜನ ನಿಂತು ನೋಡಿದರು. 2006ರಲ್ಲಿ ಅಮೆರಿಕ ಸರಕಾರ ಅವುಗಳ ಚಿತ್ರದ ಅಂಚೆ ಚೀಟಿಗಳನ್ನೇ ತೆಗೆಯಿತು. ಇನ್ನು ನಮ್ಮ ಕೌದಿಗೆ ನಾವೇ ನಾಚಿಕೊಂಡರೆ ಹೇಗೆ?

ನಮ್ಮ ಮನೆಯಲ್ಲಿ ಇದು ಶುರುವಾದದ್ದು

ನಮ್ಮ ಅತ್ತೆಯವರು ತೀರಿಕೊಂಡು ವರ್ಷವಾಯಿತು. ಅವರ ಟ್ರಂಕಿನಲ್ಲಿ ಒಂಬತ್ತು ಸೀರೆಗಳು ಉಳಿದಿದ್ದವು. ನಾಲ್ಕು ಇಳಕಲ್ ಸೀರೆ, ಉಳಿದವು ನೂಲಿನ ಸಾದಾ ಸೀರೆ. ಉಡುವಷ್ಟು ಗಟ್ಟಿ ಯಾವುದೂ ಇರಲಿಲ್ಲ, ಎಸೆಯುವ ಮನಸ್ಸು ಯಾರಿಗೂ ಇರಲಿಲ್ಲ. ಆದರೆ ಹಂಚಿಕೆಯ ಮಾತು ಬಂದಾಗ ಹಸಿರು ಇಳಕಲ್ ಸೀರೆಯ ಮೇಲೆ ಇಬ್ಬರ ಕಣ್ಣು ಬಿತ್ತು. ನಿಪ್ಪಾಣಿಯ ಹಿರಿಯ ನಾದಿನಿ, "ಅವ್ವ ನನ್ನ ಲಗ್ನದಾಗ ಉಟ್ಟ ಸೀರಿ ಅದು, ನನಗ ಬೇಕು" ಎಂದರು. ಅಥಣಿಯ ಕಿರಿಯ ನಾದಿನಿ ಏನೂ ಅನ್ನಲಿಲ್ಲ. ಸುಮ್ಮನೆ ಎದ್ದು ಹಿತ್ತಲಿಗೆ ಹೋದಳು.

ಆಕೆ ಸುಮ್ಮನಾದದ್ದಕ್ಕೆ ಕಾರಣ ಇತ್ತು. ಆಕೆಯ ಗಂಡನ ಊರು ಕೃಷ್ಣೆಯ ದಂಡೆ. 2019ರ ಆಗಸ್ಟಿನಲ್ಲಿ ಮಹಾಪೂರ ಬಂದಾಗ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಕಾಳಜಿ ಕೇಂದ್ರಕ್ಕೆ ಹೋದವರು. ಅವ್ವ ಹೊಲಿದುಕೊಟ್ಟ ಎಂಟು ಕೌದಿಗಳು ಮನೆಯಲ್ಲೇ ಉಳಿದವು. ಕೌದಿ ನೀರು ಕುಡಿದರೆ ಇಬ್ಬರು ಹಿಡಿದರೂ ಏಳುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ನೀರಿಳಿದ ಮೇಲೆ ಹೋಗಿ ನೋಡಿದರೆ ರಾಡಿ ತುಂಬಿ, ಕೊಳೆತು, ನಾರುತ್ತಿದ್ದವು. ಎಂಟನ್ನೂ ಎಸೆಯಬೇಕಾಯಿತು. ಅವ್ವನ ಕೈಯ ಒಂದು ಹೊಲಿಗೆಯೂ ಆಕೆಯ ಹತ್ತಿರ ಉಳಿಯಲಿಲ್ಲ.

ಆಗ ನಮ್ಮ ಸಣ್ಣತ್ತೆ ನಡುವೆ ಬಂದರು. ಅತ್ತೆಯವರ ತಂಗಿ, ಎಪ್ಪತ್ತೆಂಟು ವರ್ಷ. ಎರಡೂ ಕಣ್ಣಿಗೆ ಮೋತಿಬಿಂದುವಿನ ಆಪರೇಶನ್ ಆಗಿದೆ, ಕೈ ನಡುಗುತ್ತದೆ, ಸೂಜಿ ಹಿಡಿಯಲು ಆಗುವುದಿಲ್ಲ. ಆದರೆ ತಲೆಯೊಳಗೆ ನೂರು ಕೌದಿಗಳ ನಕ್ಷೆ ಇದೆ. ಅವರು ಹೇಳಿದ್ದು ಇಷ್ಟು: "ಜಗಳ ಬ್ಯಾಡ್ರಿ ಯವ್ವಾ. ಎಂಟು ಸೀರಿ ಹರೀರಿ, ಸಮ ತುಂಡು ಮಾಡ್ರಿ, ಐದು ಮಂದಿ ಐದು ಕೌದಿ ಹೊಲೀರಿ. ಹೆಂಗ ಹಚ್ಚೂದು ಅಂತ ನಾ ಹೇಳ್ತೀನಿ, ಹುಣ್ಣಿವಿಗೆ ಒಂದು ಮಾತು, ಅಮಾಸಿಗೆ ಒಂದು ಮಾತು. ಪೂರಾ ಕೇಳಬ್ಯಾಡ್ರಿ. ಪೂರಾ ಹೇಳಿದ್ರ ಯಾವ ಸೀರಿ ನಡುವ ಬರತೈತಿ ಅಂತ ಮತ್ತ ಜಗಳ ತಗೀತೀರಿ."

ಗುಟ್ಟಿನ ಕೌದಿ ನಮ್ಮ ಮನೆಗೆ ಬಂದದ್ದು ಹೀಗೆ. ಚಿಕ್ಕೋಡಿಯಲ್ಲಿ ನಾನು, ನಿಪ್ಪಾಣಿಯಲ್ಲಿ ಹಿರಿಯ ನಾದಿನಿ, ಅಥಣಿಯಲ್ಲಿ ಕಿರಿಯ ನಾದಿನಿ, ರಾಯಬಾಗದಲ್ಲಿ ನೆಗೆಣ್ಣಿ, ಕಾಗವಾಡದಲ್ಲಿ ಹಿರಿಯ ನಾದಿನಿಯ ಮಗಳು. ಈ ಹುಡುಗಿ ಈಗ ಐದು ತಿಂಗಳ ಬಸುರಿ. ಗುಂಡಿ ಹಚ್ಚುವುದು ಬಿಟ್ಟರೆ ಸೂಜಿ ಹಿಡಿದವಳಲ್ಲ. "ಮಾಮಿ, ನನ್ನ ಕಡೆ ಆಗತೈತೇನ್ರಿ?" ಎಂದು ಫೋನಿನಲ್ಲಿ ಕೇಳಿದಳು. ಆಕೆಗಾಗಿ ಬರೆದಿಟ್ಟ ಟಿಪ್ಪಣಿಯನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಳತೆ: ಎರಡು ಮೊಳ ಅಗಲ, ಮೂರು ಮೊಳ ಉದ್ದ

ಮೊದಲ ಸಲಕ್ಕೆ ಹಾಸಿಗೆಯಷ್ಟು ದೊಡ್ಡ ಕೌದಿಗೆ ಕೈಹಾಕಬೇಡಿ. ಮಕ್ಕಳ ಕೌದಿ ಸಾಕು. ಗೇಣು ಅಂದರೆ 9 ಇಂಚು, ಮೊಳ ಅಂದರೆ 18 ಇಂಚು ಎಂದು ಹಿಡಿಯೋಣ. ಒಬ್ಬೊಬ್ಬರ ಕೈ ಒಂದೊಂದು ಅಳತೆ, ಹಾಗಾಗಿ ಟೇಪಿನಿಂದಲೇ ಅಳೆಯಿರಿ. ಎರಡು ಮೊಳ ಅಗಲ ಅಂದರೆ 36 ಇಂಚು, ಮೂರು ಮೊಳ ಉದ್ದ ಅಂದರೆ 54 ಇಂಚು. ಮೇಲಿನ ಪದರಿಗೆ ಒಂದೊಂದು ಗೇಣಿನ ಚೌಕ, ಅಡ್ಡ ನಾಲ್ಕು, ಉದ್ದ ಆರು. ಒಟ್ಟು 24 ಚೌಕ.

ಚೌಕವನ್ನು ಮಾತ್ರ 10 ಇಂಚಿಗೆ ಕತ್ತರಿಸಬೇಕು. ನಾಲ್ಕೂ ಕಡೆ ಅರ್ಧ ಅರ್ಧ ಇಂಚು ಮಡಚಲು, ಇಲ್ಲವೆ ಪಕ್ಕದ ತುಂಡಿನ ಕೆಳಗೆ ಸರಿಯಲು ಬೇಕಾಗುತ್ತದೆ.

ಒಂದು ಕೌದಿಗೆ ಎರಡು ಹಳೆ ಸೀರೆ ಸಾಕು. ಲೆಕ್ಕ ಹೀಗಿದೆ:

ಹಿಂಬದಿಯ ಪದರು ಒಂದು, ನಡುವಿನ ಪದರು ಎರಡು. ಸುತ್ತಲೂ ಎರಡೆರಡು ಇಂಚು ಹೆಚ್ಚಿಗೆ ಇಟ್ಟು ಪ್ರತಿಯೊಂದು 40 ಇಂಚು ಅಗಲ, 58 ಇಂಚು ಉದ್ದ ಬೇಕು. ಸೀರೆಯ ಅಗಲ 45 ಇಂಚು ಇರುವುದರಿಂದ ಉದ್ದದಲ್ಲಿ ಮೂರು ಸಲ 58, ಅಂದರೆ 174 ಇಂಚು ಹೋಯಿತು. ಆರು ಗಜದ ಸೀರೆ 216 ಇಂಚು. ಇನ್ನೂ 42 ಇಂಚು ಉಳಿಯಿತು. ಅದರಲ್ಲಿ ಸುತ್ತಲಿನ ಅಂಚುಪಟ್ಟಿಗೆ 3 ಇಂಚು ಅಗಲದ ಐದು ಪಟ್ಟಿ ತೆಗೆದಿಡಿ. ಕೌದಿಯ ಸುತ್ತಳತೆ 180 ಇಂಚು, ಅಂದರೆ 5 ಗಜ. 45 ಇಂಚಿನ ನಾಲ್ಕು ಪಟ್ಟಿ ಸರಿಹೋಗುತ್ತವೆ, ಐದನೆಯದು ಜೋಡಣೆಗೆ ಮತ್ತು ಮೂಲೆಗಳಿಗೆ.

ಮೇಲಿನ 24 ಚೌಕಗಳು ಎರಡನೆಯ ಸೀರೆಯಿಂದ. 45 ಇಂಚು ಅಗಲದಲ್ಲಿ 10 ಇಂಚಿನ ನಾಲ್ಕು ಚೌಕ ಬರುತ್ತವೆ, ಆರು ಸಾಲಿಗೆ 60 ಇಂಚು ಉದ್ದ ಸಾಕು. ಒಂದೇ ಸೀರೆಯ ಬದಲು ಬೇರೆ ಬೇರೆ ಬಣ್ಣದ ತುಂಡುಗಳಿದ್ದರೆ ಇನ್ನೂ ಚೆಂದ.

ನಮ್ಮ ಮನೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎಂಟು ಸೀರೆ, ಒಂದೊಂದರಿಂದ 40 ಇಂಚು ಉದ್ದ ಹರಿದರೆ 16 ಚೌಕ. ಐವರಿಗೆ ಮೂರು ಮೂರರಂತೆ 15 ಹೋದವು. ಹಾಗಾಗಿ ಪ್ರತಿಯೊಬ್ಬರ ಗಂಟಿನಲ್ಲೂ ಎಂಟು ಸೀರೆಯ ಮೂರು ಮೂರು ತುಂಡು, ಸರಿಯಾಗಿ 24. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಪ್ರತಿ ಸೀರೆಯಿಂದ ಒಂದೊಂದು ಚೌಕ ಮಿಕ್ಕು ಎಂಟು ತುಂಡು ಉಳಿದವು. ಅವನ್ನು ಸಣ್ಣತ್ತೆ ತಮ್ಮ ಮಡಿಲಿಗೆ ಹಾಕಿಕೊಂಡರು. ಯಾಕೆ ಎಂದು ಕೇಳಿದರೆ, "ಅದೂ ಗುಟ್ಟೇ" ಎಂದು ನಕ್ಕರು.

ಯಾವ ಬಟ್ಟೆ ಬೇಕು, ಯಾವುದು ಬೇಡ

ಸವೆದ ನೂಲಿನ ಬಟ್ಟೆಯೇ ಕೌದಿಗೆ ಉತ್ತಮ. ಹತ್ತಾರು ವರ್ಷ ಒಗೆದು ಒಗೆದು ಮೆತ್ತಗಾಗಿರುತ್ತದೆ, ಸೂಜಿ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ, ಬೆವರು ಹೀರುತ್ತದೆ. ಹಳೆಯ ಧೋತರ, ಪಂಚೆ, ಹಾಸಿಗೆ ಚಾದರ, ನೂಲಿನ ಪರಕಾರ ಎಲ್ಲವೂ ನಡೆಯುತ್ತವೆ. ಆದರೆ ಬೆಳಕಿಗೆ ಹಿಡಿದು ನೋಡಿ. ಜರಡಿಯಂತೆ ಬೆಳಕು ತೂರಿಬಂದರೆ, ಎರಡೂ ಹೆಬ್ಬೆರಳಿನಿಂದ ಎಳೆದಾಗ ಚರ್ ಎಂದರೆ ಅದನ್ನು ಮೇಲಿನ ಪದರಿಗೆ ಹಾಕಬೇಡಿ, ನಡುವಿನ ಪದರಿಗೆ ಇಡಿ. ಸೀರೆಯ ಕುಳಿತುಕೊಳ್ಳುವ ಭಾಗ ಸಾಮಾನ್ಯವಾಗಿ ಸವೆದಿರುತ್ತದೆ, ಒಳಸೆರಗು ಗಟ್ಟಿ ಇರುತ್ತದೆ.

ಪಾಲಿಯೆಸ್ಟರ್, ನೈಲಾನ್ ಸೀರೆಗಳನ್ನು ದೂರ ಇಡಿ. ಜಾರುತ್ತವೆ, ಬೆವರು ಕುಡಿಯುವುದಿಲ್ಲ, ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತವೆ. ಒಲೆ, ಅಗ್ಗಿಷ್ಟಿಕೆ ಇರುವ ಬಾಣಂತಿ ಕೋಣೆಗೆ ಅವು ತಕ್ಕವಲ್ಲ. ಗೊತ್ತಾಗದಿದ್ದರೆ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ನೂಲು ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಇನ್ನೊಂದು ಮುದುಡಿ ಗಟ್ಟಿ ಮಣಿಯಾಗುತ್ತದೆ. ಇಳಕಲ್ ಸೀರೆಯ ಒಡಲು ನೂಲಿನದಾದರೂ ದಡಿ ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಇರುತ್ತವೆ. ದಡಿಯನ್ನು ಬೇರೆ ತೆಗೆದಿಡಿ, ಚೌಕಕ್ಕೆ ಸೇರಿಸಬೇಡಿ. ಗುಳೇದಗುಡ್ಡದ ಖಣದ ಹಳೆ ಕುಪ್ಪಸಗಳಿದ್ದರೆ ಅವನ್ನೂ ಬಿಚ್ಚಿ ಒಂದು ಪಕ್ಕಕ್ಕೆ ಇಡಿ. ನಾಲ್ಕು ಮೂಲೆಗೆ ಎಷ್ಟು ಚೆಂದ!

ನಡುವಿನ ಪದರಿಗೆ ಹಳೆ ಬಟ್ಟೆ ಸಾಲದಿದ್ದರೆ ಹೊಸ ಕೋರಾ ಬಟ್ಟೆ ತಂದರೂ ಆಯಿತು. ಇಚಲಕರಂಜಿಯ ಮಗ್ಗಗಳು ನಮಗೆ ಹತ್ತಿರವೇ ಇವೆಯಲ್ಲ. ಆದರೆ ಕೋರಾ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಮೊದಲ ನೀರಿಗೆ ಕುಗ್ಗುತ್ತದೆ. ಹಳೆಯದರ ಜೊತೆ ಹಾಗೇ ಹೊಲಿದರೆ ಮೊದಲ ಒಗೆತಕ್ಕೆ ಕೌದಿ ಸುಕ್ಕುಗಟ್ಟಿ ಕೂರುತ್ತದೆ. ರಾತ್ರಿಯಿಡೀ ನೆನೆಹಾಕಿ, ಬಿಸಿ ನೀರಿನಲ್ಲಿ ತೊಳೆದು, ಒಣಗಿಸಿಯೇ ಅಳೆಯಿರಿ.

ತೊಳೆಯುವುದು, ಬಣ್ಣ ನೋಡುವುದು

ಟ್ರಂಕಿನಿಂದ ತೆಗೆದ ಬಟ್ಟೆಗೆ ನುಸಿಗುಳಿಗೆಯ ವಾಸನೆ, ಧೂಳು, ಹುಳದ ತತ್ತಿ ಎಲ್ಲ ಇರುತ್ತವೆ. ತೊಳೆಯದೆ ಕತ್ತರಿ ಹಚ್ಚಬೇಡಿ. ಕೆಂಪು, ಕಡುನೀಲಿ, ಹಸಿರನ್ನು ಬೇರೆ ಬೇರೆ ಬಕೇಟಿನಲ್ಲಿ ನೆನೆಹಾಕಿ. ನೀರಿಗೆ ಬಣ್ಣ ಇಳಿದರೆ ತಿಳಿನೀರು ಬರುವ ತನಕ ಮತ್ತೆ ಮತ್ತೆ ಜಾಲಿಸಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಮೊದಲೇ ಬಣ್ಣ ಬಿಡುತ್ತಿರುವ ಹಳೆ ಬಟ್ಟೆಗೆ ಉಪ್ಪಿನ ಭರವಸೆ ಇಲ್ಲ, ನೀರೇ ಗತಿ.

ಆಮೇಲೆ ಪರೀಕ್ಷೆ. ಒಂದು ಬಿಳಿ ತುಂಡನ್ನು ಒದ್ದೆ ಮಾಡಿ ಸೀರೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿ ತುಂಡಿಗೆ ಬಣ್ಣ ಹತ್ತಿತೋ, ಆ ಸೀರೆಯನ್ನು ಮೇಲಿನ ಪದರಿಗೆ ತರಬೇಡಿ. ಒಂದು ಕೆಂಪು ತುಂಡು ಇಪ್ಪತ್ತಮೂರು ತುಂಡುಗಳ ಮುಖ ಕೆಡಿಸುತ್ತದೆ.

ಬಿಸಿಲಿನಲ್ಲಿ ಉಲ್ಟಾ ಒಣಹಾಕಿ. ಯುಗಾದಿ ಮುಗಿದು ಮಳೆ ಬರುವುದರೊಳಗೆ ಕೌದಿಯ ಕೆಲಸ ಹಚ್ಚಿಕೊಳ್ಳುವುದು ಇದಕ್ಕೇ. ಹೊಲದ ಸುಗ್ಗಿ ಮುಗಿದಿರುತ್ತದೆ, ಹಗಲು ದೊಡ್ಡದು, ಬಿಸಿಲು ಧಾರಾಳ.

ಹರಿಯುವುದೋ ಕತ್ತರಿಸುವುದೋ

ನೂಲಿನ ಸೀರೆಯನ್ನು ಅಂಚಿಗೆ ಕತ್ತರಿಯಿಂದ ಸಣ್ಣದಾಗಿ ಕಚ್ಚು ಹಾಕಿ ಕೈಯಿಂದ ಹರಿದರೆ ಎಳೆಯ ಗುಂಟ ನೆಟ್ಟಗೆ ಹರಿಯುತ್ತದೆ. ಕತ್ತರಿಯ ಗೆರೆ ಸೊಟ್ಟಗಾದೀತು, ಎಳೆಯ ಗೆರೆ ಸೊಟ್ಟಗಾಗುವುದಿಲ್ಲ. ಹೊಸಬರಿಗೆ ಇದೇ ಒಳ್ಳೆಯದು. ಹತ್ತು ಇಂಚಿನ ಪಟ್ಟಿ ಹರಿದು, ಇಸ್ತ್ರಿ ಮಾಡಿ, ಆಮೇಲೆ ಒಂದು ರಟ್ಟಿನ 10 ಇಂಚಿನ ಚೌಕ ಇಟ್ಟು ಸೀಮೆಸುಣ್ಣದಿಂದ ಗೆರೆ ಹಾಕಿ ಚೌಕ ಕತ್ತರಿಸಿ. ಒಂದೇ ರಟ್ಟನ್ನು ಕೊನೆತನಕ ಬಳಸಿ. ಹಿಂದೆ ಕತ್ತರಿಸಿದ ತುಂಡನ್ನೇ ಅಳತೆಗೆ ಇಟ್ಟುಕೊಂಡರೆ ಪ್ರತಿ ಸಲ ಕೂದಲೆಳೆ ಕೂದಲೆಳೆ ಹೆಚ್ಚಾಗಿ ಇಪ್ಪತ್ತನೆಯದು ಹನ್ನೊಂದು ಇಂಚಾಗುತ್ತದೆ.

ಲೆಕ್ಕ ಸುಲಭ, ಮನಸ್ಸು ಸುಲಭವಲ್ಲ. ನಾವು ಐವರೂ ಸೇರಿ ಸೀರೆ ಹರಿದ ದಿನ ಮೊದಲ ಸೀರೆಗೆ ಕಚ್ಚು ಹಾಕುವವರೇ ಇಲ್ಲ. ಅಥಣಿಯ ನಾದಿನಿಯ ಕೈಗೆ ಹಸಿರು ಇಳಕಲ್ ಕೊಟ್ಟರೆ ಆಕೆ ಅದನ್ನು ಎದೆಗವಚಿಕೊಂಡು ಕುಳಿತುಬಿಟ್ಟಳು. "ಇದನ್ನ ಹರ್ಯಾಕ ನನ್ನ ಕಡಿಂದ ಆಗೂದಿಲ್ಲ ವೈನಿ" ಎಂದಳು. ಯಾರೂ ಮಾತಾಡಲಿಲ್ಲ. ಆಗ ನಿಪ್ಪಾಣಿಯ ಹಿರಿಯ ನಾದಿನಿಯೇ ಎದ್ದು ಹೋಗಿ, ಆ ಸೀರೆಯ ಸೆರಗನ್ನು ತಂಗಿಯ ತಲೆಯ ಮೇಲೆ ಹಾಕಿ, "ಇದು ಹರಿಯೂದು ಬ್ಯಾಡ. ನೀನ ಇಟಗೋ. ನಿನ್ನ ಕೌದಿ ಎಲ್ಲಾ ನೀರಪಾಲ ಆಗ್ಯಾವು" ಎಂದರು. ಒಂಬತ್ತರಲ್ಲಿ ಎಂಟು ಹರಿದೆವು, ಒಂದು ಉಳಿಸಿದೆವು. ಸಣ್ಣತ್ತೆ ಮೊದಲೇ ಎಂಟು ಎಂದು ಯಾಕೆ ಹೇಳಿದ್ದರು ಎಂಬುದು ಆಗ ತಿಳಿಯಿತು.

ನೀವೂ ಹಾಗೇ ಮಾಡಿ ಎಂದು ಹೇಳುತ್ತೇನೆ. ತೀರಿಕೊಂಡವರ ಸೀರೆಯಿಂದ ಕೌದಿ ಹೊಲಿಯುವಾಗ ಒಂದನ್ನಾದರೂ ಹರಿಯದೆ ಇಡಿ. ಉಳಿದವನ್ನು ಹರಿಯಲು ಅದರಿಂದ ಧೈರ್ಯ ಬರುತ್ತದೆ. ಟ್ರಂಕಿನಲ್ಲಿ ಹುಳ ತಿಂದು ಪುಡಿಯಾಗುವ ಸೀರೆಗಿಂತ ಮೊಮ್ಮಕ್ಕಳ ಮೈಯ ಕೆಳಗಿರುವ ತುಂಡು ಹೆಚ್ಚು ದಿನ ಬಾಳುತ್ತದೆ.

ಬಣ್ಣದ ಮೂರು ಗುಡ್ಡೆ

ಗುಟ್ಟಿನ ಕೌದಿಯಲ್ಲಿ ಕೆಂಪು ಇಲ್ಲಿ, ಹಳದಿ ಅಲ್ಲಿ ಎಂದು ಹೇಳುವುದಿಲ್ಲ. ಒಬ್ಬೊಬ್ಬರ ಮನೆಯ ಬಟ್ಟೆ ಬೇರೆ ಬೇರೆ ತಾನೆ? ಅದಕ್ಕೆ 24 ಚೌಕಗಳನ್ನು ತಿಳಿಬಣ್ಣ, ನಡುಬಣ್ಣ, ಗಾಢಬಣ್ಣ ಎಂದು ಎಂಟೆಂಟರ ಮೂರು ಗುಡ್ಡೆ ಮಾಡಬೇಕು. ಚೌಕಗಳನ್ನೆಲ್ಲ ಪಡಸಾಲೆಯಲ್ಲಿ ಹರಡಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಅರ್ಧ ಮುಚ್ಚಿ ನೋಡಿ. ಹೂವು, ಚುಕ್ಕಿ, ಚೌಕುಳಿ ಎಲ್ಲ ಮಾಯವಾಗಿ ಬೆಳಕು ಕತ್ತಲೆ ಮಾತ್ರ ಕಾಣುತ್ತದೆ. ಸಂಜೆ ದೀಪ ಹಚ್ಚುವ ಮುಂಚಿನ ಮಬ್ಬು ಬೆಳಕು ಇದಕ್ಕೆ ಬಲು ಚೆಂದ. ಯಾವುದಾದರೂ ತುಂಡು ಎಲ್ಲಿಗೂ ಸೇರದಿದ್ದರೆ ಅದನ್ನು ನಡುವಿನ ಗುಡ್ಡೆಗೆ ಹಾಕಿ. ಪ್ರತಿ ಗುಡ್ಡೆಗೂ ಒಂದು ಚೀಟಿ ಚುಚ್ಚಿ.

ಸೂಜಿ, ದಾರ ಮತ್ತು ಉಳಿದ ಸಾಮಾನು

ಸೂಜಿ: ಉದ್ದನೆಯ, ಸ್ವಲ್ಪ ದಪ್ಪನೆಯ, ಕಣ್ಣು ದೊಡ್ಡದಿರುವ ಸೂಜಿ. ಚೀಲ ಹೊಲಿಯುವ ದಬ್ಬಳ ಬೇಡ, ಮೆತ್ತಗಿನ ಬಟ್ಟೆಗೆ ತೂತು ಬೀಳುತ್ತದೆ. ನಾಲ್ಕು ಸೂಜಿ ಇಟ್ಟುಕೊಂಡು, ಕೂರುವ ಮುಂಚೆ ಎಣಿಸಿ, ಏಳುವ ಮುಂಚೆ ಎಣಿಸಿ. ಮಕ್ಕಳಿರುವ ಮನೆಯಲ್ಲಿ ಇದು ಮರೆಯಬಾರದ ಮಾತು.

ದಾರ: ಮೆಷಿನ್ನಿನ ಸಣ್ಣ ದಾರ ಹರಿಯುತ್ತದೆ. ದಪ್ಪ ಹತ್ತಿ ದಾರ ತನ್ನಿ. ಅರ್ಧ ಇಂಚಿಗೊಂದು ಸಾಲು ಹೊಲಿದರೆ 36 ಇಂಚು ಅಗಲಕ್ಕೆ 72 ಸಾಲು, ಒಂದೊಂದು ಸಾಲು ಒಂದೂವರೆ ಗಜ, ಒಟ್ಟು 108 ಗಜ. ಗಂಟು, ಕಚ್ಚಾ ಹೊಲಿಗೆ ಎಲ್ಲ ಸೇರಿ 150 ಗಜ ಇದ್ದರೆ ನಡುವೆ ಪೇಟೆಗೆ ಓಡಬೇಕಿಲ್ಲ. ದಾರ ಒಂದು ಮಾರಿಗಿಂತ ಉದ್ದ ತೆಗೆದುಕೊಳ್ಳಬೇಡಿ, ಸಿಕ್ಕಾಗುತ್ತದೆ. ಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೊಂಡರೆ ಜಾರುತ್ತ ಬರುತ್ತದೆ.

ಅಂಗುಸ್ತಾನ: ನಾಲ್ಕು ಪದರು ಚುಚ್ಚುವಾಗ ನಡುಬೆರಳಿಗೆ ಇದು ಬೇಕೇ ಬೇಕು.

ಉಳಿದಂತೆ ಹರಿತ ಕತ್ತರಿ, ಟೇಪು, ಸೀಮೆಸುಣ್ಣ, ಗುಂಡುಪಿನ್ನು, ಎಲ್ಲವನ್ನೂ ಕಟ್ಟಿಡಲು ಒಂದು ಹಳೆ ಚಾದರ.

ಮನೆಯಲ್ಲಿ ಹಿರಿಯರಿಲ್ಲದವರು

ಗುಟ್ಟು ಇಟ್ಟುಕೊಳ್ಳಲು ಸಣ್ಣತ್ತೆಯಂಥವರು ಎಲ್ಲರ ಮನೆಯಲ್ಲೂ ಇರುವುದಿಲ್ಲ. ಓಣಿಯಲ್ಲಿ ಕೌದಿ ಬಲ್ಲ ಒಬ್ಬ ಅಜ್ಜಿಯನ್ನು ಹುಡುಕಿ. ಅವರೂ ಸಿಗದಿದ್ದರೆ ಗೆಳತಿಯರಲ್ಲಿ ಒಬ್ಬಳು ಗುಟ್ಟಿನೊಡತಿ ಆಗಲಿ. ಆಕೆ ಮಕ್ಕಳ ಚೌಕುಳಿ ನೋಟಬುಕ್ಕಿನಲ್ಲಿ ಅಡ್ಡ ನಾಲ್ಕು, ಉದ್ದ ಆರು ಮನೆ ಬರೆದು, ತಿಳಿ, ನಡು, ಗಾಢ ಎಂದು ಎಂಟೆಂಟು ಮನೆ ತನ್ನ ಇಚ್ಛೆಯಂತೆ ತುಂಬಲಿ. ಅದನ್ನು ಯಾರಿಗೂ ತೋರಿಸದೆ ಆರು ಚೀಟಿ ಮಾಡಿ ಹದಿನೈದು ದಿನಕ್ಕೊಂದರಂತೆ ಕೊಡಲಿ.

ಮೊದಲ ಚೀಟಿ: ಹಿಂಬದಿ ಮತ್ತು ನಡುವಿನ ಪದರುಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕು ಮೂಲೆಗೆ ತುಂಬಿದ ತಂಬಿಗೆ ಇಟ್ಟು, ಸುಕ್ಕು ತೆಗೆದು, ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ, ಮೇಲೆ 24 ಮನೆಗಳ ಗೆರೆ ಎಳೆಯುವುದು. ಎರಡನೆಯದು: ನಾಲ್ಕು ಮೂಲೆಯ ಚೌಕ. ಮೂರನೆಯದು: ಅಂಚಿನ ಸುತ್ತಿನ ಉಳಿದ 12. ನಾಲ್ಕನೆಯದು: ಒಳಸುತ್ತಿನ ಎರಡು ತುದಿಯ ನಾಲ್ಕು. ಐದನೆಯದು: ನಟ್ಟನಡುವಿನ ನಾಲ್ಕು. ಆರನೆಯದು: ಅಂಚು ಸಮ ಮಾಡಿ ಪಟ್ಟಿ ಹಚ್ಚುವುದು. ಮೂರು ತಿಂಗಳಿಗೆ ಕೌದಿ ಸಿದ್ಧ.

ಚೌಕ ಹಚ್ಚುವಾಗ ಒಂದೇ ನಿಯಮ ನೆನಪಿಡಿ. ಮೊದಲೇ ಕೂತ ತುಂಡಿನ ಪಕ್ಕಕ್ಕೆ ಬರುವ ಅಂಚನ್ನು ಅರ್ಧ ಇಂಚು ಒಳಗೆ ಮಡಚಿ ಗೆರೆಗೆ ಸರಿಯಾಗಿ ಕೂರಿಸಿ. ಮುಂದೆ ತುಂಡು ಬರಬೇಕಾದ ಕಡೆ ಹಾಗೇ ಬಿಡಿ, ಬರುವ ತುಂಡು ಅದನ್ನು ಮುಚ್ಚುತ್ತದೆ. ಮೇಲಿನಿಂದ ಹಿಂಬದಿಯ ತನಕ ಎಲ್ಲ ಪದರು ಸಿಗುವಂತೆ ಸಾದಾ ಓಡುಹೊಲಿಗೆ. ಹೊಲಿಗೆ ಅಕ್ಕಿಕಾಳಿನಷ್ಟು ಬಂದರೆ ಜಾಣೆ, ಗೋಧಿಕಾಳಿನಷ್ಟು ಬಂದರೂ ಜಾಣೆಯೇ. ಸಮ ಬಂದರೆ ಸಾಕು.

ಮೈಗೂ ಸ್ವಲ್ಪ ಕರುಣೆ ಇರಲಿ

ಹಗಲು ಬೆಳಕಿನಲ್ಲೇ ಹೊಲಿಯಿರಿ. ಗೋಡೆಗೆ ಬೆನ್ನು ಕೊಟ್ಟು, ಮಣೆ ಹಾಕಿಕೊಂಡು ಕೂರಿ. ಅರ್ಧ ತಾಸಿಗೊಮ್ಮೆ ಎದ್ದು ಕೈಕಾಲು ಚಾಚಿ. ಬಸುರಿಯರು ಹೆಚ್ಚು ಹೊತ್ತು ನೆಲದ ಮೇಲೆ ಬಗ್ಗಿ ಕೂರದೆ, ಕುರ್ಚಿಯಲ್ಲಿ ಕೂತು ಟೇಬಲ್ಲಿನ ಮೇಲೆ ಹರವಿಕೊಳ್ಳಲಿ. ನಾಲ್ಕಾರು ಜನ ಕೂಡಿ ಕೂತರೆ ಬೇಸರವೇ ಇಲ್ಲ. ಒಗ್ಗರಣೆ ಚುರುಮುರಿ ಮಾತ್ರ ಕೌದಿಯಿಂದ ದೂರ ಇರಲಿ, ಎಣ್ಣೆಗೈ ತಾಗಿದರೆ ಕಲೆ ಹೋಗುವುದಿಲ್ಲ.

ಇನ್ನೊಂದು ಮುಖ್ಯ ಮಾತು. ವರ್ಷ ತುಂಬದ ಕೂಸು ಮಲಗಿದಾಗ ಮೇಲೆ ದಪ್ಪ ಕೌದಿ ಹೊದಿಸಬೇಡಿ, ಸುತ್ತ ಮೆತ್ತೆಯಂತೆ ಒತ್ತರಿಸಿಡಬೇಡಿ. ಮುಖದ ಮೇಲೆ ಸರಿದರೆ ಉಸಿರು ಕಟ್ಟೀತು ಎಂದು ಡಾಕ್ಟರರು ಹೇಳುತ್ತಾರೆ. ಕೂಸು ಎಚ್ಚರವಿದ್ದು ಬೋರಲು ಬಿದ್ದು ಆಡುವಾಗ ನೆಲಕ್ಕೆ ಹಾಸಿ. ಹೊದೆಯುವ ವಯಸ್ಸು ಮುಂದೆ ಬಂದೇ ಬರುತ್ತದೆ, ಕೌದಿ ಅಲ್ಲಿಯವರೆಗೆ ಕಾಯುತ್ತದೆ.

ಮಳೆಗಾಲದಲ್ಲಿ ನದಿ ದಂಡೆಯ ಊರಿನವರು ಕೌದಿಗಳನ್ನು ನೆಲದ ಟ್ರಂಕಿನಲ್ಲಿಡದೆ ಅಟ್ಟದ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. 2019ರಲ್ಲಿ ಒಮ್ಮೆ, 2021ರ ಜುಲೈಯಲ್ಲಿ ಮತ್ತೊಮ್ಮೆ ನೀರು ಬಂದದ್ದನ್ನು ನಾವು ಮರೆಯುವಂತಿಲ್ಲ. ಮಳೆ ಬಿಟ್ಟ ಮೇಲೆ ತೆಗೆದು ಬಿಸಿಲಿಗೆ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಇನ್ನು ಗಂಟು ಕಟ್ಟಿ. ಚಾದರದ ಮೇಲೆ ಹಿಂಬದಿ ಪದರು ಒಂದು, ನಡುವಿನವು ಎರಡು, ಮೂರು ಗುಡ್ಡೆಯ 24 ಚೌಕ, ಅಂಚುಪಟ್ಟಿ ಐದು, ಎತ್ತಿಟ್ಟ ದಡಿ, ದಾರದ ಉಂಡೆ, ಸೂಜಿಡಬ್ಬಿ, ಅಂಗುಸ್ತಾನ, ಮೇಣ. ಎಲ್ಲ ಎಣಿಸಿ ನಾಲ್ಕು ಮೂಲೆ ಕೂಡಿಸಿ ಕಟ್ಟಿದರೆ ಅರ್ಧ ಕೌದಿ ಆದಂತೆಯೇ. ನಮ್ಮ ಐದು ಊರಿನ ಐದು ಮನೆಗಳಲ್ಲಿ ಈಗ ಐದು ಗಂಟುಗಳು ಹುಣ್ಣಿಮೆಗೆ ಕಾದು ಕುಳಿತಿವೆ. ನಡುವೆ ಯಾವ ಸೀರೆ ಬರುತ್ತದೋ ನಮಗೆ ಗೊತ್ತಿಲ್ಲ, ಈಗ ಯಾರೂ ಕೇಳುತ್ತಲೂ ಇಲ್ಲ. ನಿಮ್ಮ ಮನೆಯ ಟ್ರಂಕನ್ನೂ ಈ ವಾರ ಒಮ್ಮೆ ತೆರೆದು ನೋಡಿ.